ಐದು ಬೆಣ್ಣೆಹಣ್ಣು, ಒಂದು ಕಿಟಕಿ

ಎಲ್ಲಕ್ಕೂ ಮೂಲ ಒಂದು ಸ್ಟೀಲಿನ ಡಬ್ಬಿ. ಡಬ್ಬಿ ಕಡತಪ್ಪನದು, ಒಳಗಿದ್ದದ್ದು ಅವನದಲ್ಲ.

ಕಡತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಯಲ್ಲಿ ಹನ್ನೊಂದು ವರ್ಷ ಕೂತು ಕೂತು ಅಂಟಿಕೊಂಡ ಹೆಸರು. ಯಾವ ಕಾಲದಲ್ಲಿ ಯಾರು ನಲ್ಲಿಗೆ ಅರ್ಜಿ ಹಾಕಿದರು, ಯಾರ ಮನೆಯ ಪೈಪು ಯಾವ ವರ್ಷ ಒಡೆಯಿತು ಎಂಬುದೆಲ್ಲ ಅಲ್ಲಿ ಕಟ್ಟು ಕಟ್ಟಾಗಿ ಸೂರು ಮುಟ್ಟಿತ್ತು. ಹೆಸರಿಗೆ ನೀರಿನ ಕಚೇರಿ, ಆ ಕೋಣೆಯಲ್ಲಿ ಮಾತ್ರ ಒಂದು ಹನಿ ತೇವವಿಲ್ಲ. ಇದ್ದದ್ದು ಧೂಳು. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಕಡತಪ್ಪ ಏಳು ಸಲ ಸೀನುತ್ತಿದ್ದ. ಆರಲ್ಲ, ಎಂಟಲ್ಲ, ಏಳು. ಮೇಲಿನ ಮಹಡಿಯವರು ಏಳನೆಯ ಸೀನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ಡಾಕ್ಟರು ಒಂದೇ ಮಾತು ಹೇಳಿದ್ದರು. ಆ ಕೋಣೆ ಬಿಡಬೇಕು, ಇಲ್ಲವೇ ಮೂಗಿನ ಆಸೆ ಬಿಡಬೇಕು. ಹೆಂಡತಿಯೂ ಸಾಕಾಗಿ ಹೋಗಿದ್ದಳು. ಮನೆಗೆ ಬಂದಮೇಲೂ ಕಚೇರಿ ಅವನ ಮೂಗಿನೊಳಗೇ ಕೂತಿರುತ್ತದೆ ಎನ್ನುತ್ತಿದ್ದಳು.

ಹೀಗಿರುವಾಗ ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರು ನಿವೃತ್ತರಾಗಿ, ಕುರ್ಚಿಯ ದಿಂಬನ್ನೂ ಎತ್ತಿಕೊಂಡು ಮನೆಗೆ ಹೋದರು. ಕಿಟಕಿಯಾಚೆ ಒಂದು ಮರ, ಮರದಾಚೆ ರಸ್ತೆ, ರಸ್ತೆಯಾಚೆ ಒಂದು ಬೇಕರಿ. ಗಾಳಿ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬರುತ್ತಿತ್ತು. ಆ ಮೇಜಿನ ಮೇಲೆ ಇಬ್ಬರ ಕಣ್ಣಿತ್ತು. ಒಬ್ಬ ಕಡತಪ್ಪ. ಇನ್ನೊಬ್ಬ ಪಿನ್ನಣ್ಣ, ಅಂದರೆ ಯಾರು ಕಾಗದ ಹಿಡಿದರೂ ಕೇಳುವ ಮೊದಲೇ ಗುಂಡುಪಿನ್ನು ಚಾಚುವವನು. ಸಾಹೇಬರ ಮೇಜಿಗೆ ಪಿನ್ನು ಚಾಚಿ ಚಾಚಿ ಅವನು ಅರ್ಧ ದಾರಿ ಸವೆಸಿಬಿಟ್ಟಿದ್ದ. ಕಡತಪ್ಪನ ಮುಖವನ್ನು ಸಾಹೇಬರು ಸರಿಯಾಗಿ ನೋಡಿದ್ದೇ ಇಲ್ಲ. ಸೀನನ್ನು ಬಲ್ಲರು, ಅಷ್ಟೆ.

ಶನಿವಾರದ ದಿನ ಆ ಕಚೇರಿಯವರು ಮೇಜುಗಳನ್ನು ಕೂಡಿಸಿ, ಎಲ್ಲರ ಡಬ್ಬಿಯನ್ನೂ ನಡುವೆ ಬಿಚ್ಚಿಟ್ಟು ಒಟ್ಟಿಗೆ ಊಟ ಮಾಡುತ್ತಿದ್ದರು. ಆ ಶನಿವಾರ ಕಡತಪ್ಪನ ಹೆಂಡತಿಗೆ ಹಲ್ಲುನೋವು, ಒಲೆ ಹಚ್ಚಿರಲಿಲ್ಲ. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಕಡತಪ್ಪ ಎದುರಿನ ಬೇಕರಿಗೆ ನುಗ್ಗಿದ. ಬೇಕರಿಯವನು ಹಸಿರು ಬಣ್ಣದ್ದೇನೋ ತುಂಬಿದ ಒಂದು ಗಾಜಿನ ಬಾಟಲಿ ಮುಂದಿಟ್ಟ. ಗ್ವಾಕಮೋಲೆ ಅಂತ ಹೆಸರು, ಬೆಣ್ಣೆಹಣ್ಣು ಅರೆದು ಮಾಡುವುದು, ಬ್ರೆಡ್ಡಿಗೆ ಹಚ್ಚಿಕೊಂಡರೆ ಬಿಡಲು ಮನಸ್ಸಾಗುವುದಿಲ್ಲ ಎಂದ. ಕಡತಪ್ಪ ಅದನ್ನು ತನ್ನ ಸ್ಟೀಲಿನ ಡಬ್ಬಿಗೆ ಸುರಿದುಕೊಂಡ. ಕೊನೆಗೆ ಒಳಗಿನಿಂದ ಒಂದು ದಪ್ಪ ಬೀಜವೂ ಡಬಕ್ಕನೆ ಬಿತ್ತು.

ಊಟದ ಹೊತ್ತಿಗೆ ಸಾಹೇಬರು ಒಂದು ತುಂಡು ಬ್ರೆಡ್ಡನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಮತ್ತೆ ಅದ್ದಿದರು. ಮೂರನೆಯ ಸಲ ಕಣ್ಣು ತೆರೆದು ಕೇಳಿದರು:

“ಯಾರು ಮಾಡಿದ್ದು ಇದು?”

ಬೇಕರಿಯದು ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಸಾಹೇಬರು ಅವನ ಮುಖ ನೋಡಿ ಒಂದು ಪ್ರಶ್ನೆ ಕೇಳಿದ್ದರು. ಪಿನ್ನಣ್ಣ ಪಕ್ಕದಲ್ಲೇ ಕೂತಿದ್ದ. ಕಡತಪ್ಪನ ನಾಲಿಗೆ ಕಡತಪ್ಪನನ್ನೇ ಕೇಳದೆ ಹೊರಟಿತು.

“ನಾನೇ ಸಾರ್. ಮನೇಲೇ. ತಾಜಾ.”

“ನಡುವೆ ಹಲ್ಲಿಗೆ ಕರುಂ ಅಂತ ಏನೋ ಸಿಗುತ್ತಲ್ರೀ, ಸಣ್ಣಗೆ ಹುಳಿ. ಅದೇನು?”

ಅದೇನೆಂದು ಕಡತಪ್ಪನಿಗೆ ಹೇಗೆ ಗೊತ್ತಿರಬೇಕು? “ಅದು ನಮ್ಮ ಮನೆ ಗುಟ್ಟು ಸಾರ್,” ಎಂದುಬಿಟ್ಟ.

ಗುಟ್ಟು ಎಂಬ ಮಾತು ಸಾಹೇಬರಿಗೆ ಗುಂಡುಪಿನ್ನಿನ ಹಾಗೆ ಚುಚ್ಚಿತು. ನಾಳೆ ಬಿಟ್ಟು ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ತಾವೇ ಮನೆಗೆ ಬರುತ್ತೇವೆ, ಕಣ್ಣೆದುರಿಗೇ ಮಾಡಿ ತೋರಿಸಬೇಕು ಎಂದರು. “ನಮ್ಮ ಮನೆಯವಳನ್ನೂ ಕರಕೊಂಡು ಬರ್ತೀನಿ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಹೊಲಿಗೆ ಕ್ಲಾಸಿಗೆ ಹೋಗ್ತಾಳೆ, ಇವತ್ತಿನವರೆಗೆ ಒಂದು ಕರವಸ್ತ್ರ ಹೊಲಿದಿಲ್ಲ. ಇದನ್ನಾದರೂ ಕಲೀಲಿ.” ಏಳುವಾಗ ಇನ್ನೊಂದು ಮಾತು ಸೇರಿಸಿದರು. ಕಿಟಕಿ ಮೇಜಿನ ಆದೇಶವನ್ನು ಅದರ ಮಾರನೆಯ ಸೋಮವಾರ ಬರೆಯುತ್ತಾರಂತೆ.

ಪಿನ್ನಣ್ಣನ ಕೈಯಿಂದ ಪಿನ್ನು ಕೆಳಗೆ ಬಿತ್ತು.

ಕಡತಪ್ಪ ಅಂದೇ ಬೇಕರಿಗೆ ಓಡಿ ಗುಟ್ಟೇನೆಂದು ಕೇಳಿದ. ಮಾಡಿಕೊಡುವವರು ಬೇರೆ, ಏನು ಹಾಕುತ್ತಾರೋ ತನಗೆ ತಿಳಿಯದು, ಅವರ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿದೆ ಎಂದು ಬೇಕರಿಯವನು ಕೈಯಲ್ಲಾಡಿಸಿಬಿಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಹಲ್ಲುನೋವು ಮರೆತು ಬೈದಳು. ಬೈದು ಮುಗಿದಮೇಲೆ, ಕಿಟಕಿಯ ವಿಷಯ ನೆನಪಾಗಿ, ಆಯಿತು, ಮಾಡೋಣ ಎಂದಳು.

ಮಂಗಳವಾರ ಐದು ಬೆಣ್ಣೆಹಣ್ಣು ತಂದದ್ದಾಯಿತು. ಹೆಸರಿನಲ್ಲಿ ಬೆಣ್ಣೆ, ಮುಟ್ಟಿದರೆ ಕಲ್ಲು. ಗೋಡೆಗೆ ಎಸೆದರೆ ಗೋಡೆಯೇ ಕ್ಷಮಿಸಿ ಎನ್ನಬೇಕು, ಹಾಗಿದ್ದವು. ಕಾಗದದಲ್ಲಿ ಸುತ್ತಿ, ಗಾಳಿಬೆಳಕು ತಾಕದ ಒಣ ಜಾಗದಲ್ಲಿ ನಾಲ್ಕೈದು ದಿನ ಇಡಬೇಕೆಂದು ಹಣ್ಣಿನವಳು ಹೇಳಿದ್ದಳು. ಕಾಗದ, ಕತ್ತಲು, ಒಣ ಜಾಗ. ಕಡತಪ್ಪನಿಗೆ ಜಗತ್ತಿನಲ್ಲಿ ಅಂಥ ಒಂದೇ ಜಾಗ ಗೊತ್ತಿತ್ತು. ಬುಧವಾರ ಬೆಳಿಗ್ಗೆ ಅವುಗಳನ್ನು ಕಚೇರಿಗೆ ಒಯ್ದು, ಒಂದೊಂದನ್ನೂ ಹಳೆಯ ಅರ್ಜಿ ನಮೂನೆಯಲ್ಲಿ ಸುತ್ತಿದ. ಕೈಯ ಅಭ್ಯಾಸ ನೋಡಿ, ಸುತ್ತಿದ್ದಕ್ಕೆ ಕೆಂಪು ದಾರ ಕಟ್ಟಿದ. ದಾರ ಕಟ್ಟಿದ್ದಕ್ಕೆ ಚೀಟಿ ಅಂಟಿಸಿದ. ಚೀಟಿಯ ಮೇಲೆ ಕ್ರಮಸಂಖ್ಯೆ, ತಾರೀಕು, ವಿಷಯ ಎಂದು ಬರೆದು, ‘ಒಡೆದ ಪೈಪುಗಳು’ ಎಂಬ ಕಟ್ಟುಗಳ ಹಿಂದುಗಡೆ ಸಾಲಾಗಿ ಜೋಡಿಸಿದ. ಅವನ ಕೈಗೆ ಸಿಕ್ಕ ವಸ್ತು ಯಾವುದೇ ಇರಲಿ, ಕಡತವಾಗದೆ ಉಳಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾವಲುಗಾರನಿಂದ ಬಾಗಿಲು ತೆಗೆಸಿ ಒಳಗೆ ಹೋದ. ಏಳು ಸೀನು ಮುಗಿಸಿ ಮೊದಲ ಕಟ್ಟು ಬಿಚ್ಚಿದ. ಬೆರಳಿಗೆ ಹಣ್ಣು ಹಿತವಾಗಿ ಮಣಿಯಿತು. ಐದೂ ಹಾಗೆಯೇ, ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಹದ. ಅವನ್ನು ಮತ್ತೆ ಸುತ್ತಿ, ನಾಲ್ಕನ್ನು ಬಟ್ಟೆಚೀಲದಲ್ಲಿಟ್ಟುಕೊಂಡ. ಐದನೆಯದಕ್ಕೆ ಜಾಗ ಸಾಲದೆ, ಧೂಳಿಗೆಂದು ಹಾಕಿಕೊಳ್ಳುವ ಹಳೆಯ ಕೋಟಿನ ಒಳಜೇಬಿಗೆ ಇಳಿಬಿಟ್ಟ. ಕಿಟಕಿಯ ಗಾಳಿ ಆಗಲೇ ಮುಖಕ್ಕೆ ತಾಕಿದಂತಾಗಿ, ಜೇಬಿನ ವಿಷಯ ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತೇಹೋಯಿತು.

ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. ಕೆಂಪು ದಾರ ಕಟ್ಟಿ ಚೀಟಿ ಅಂಟಿಸಿದ್ದು ಏನೇ ಆಗಲಿ, ಅದು ಕಡತ. ಕಡತ ಹೊರಗೆ ಹೋಗಬೇಕಾದರೆ ಬಿಚ್ಚಿ ನೋಡಬೇಕು, ಅದು ನಿಯಮ. ಕಡತಪ್ಪನೇ ಅವನಿಗೆ ಹಿಂದೊಮ್ಮೆ ಆ ನಿಯಮವನ್ನು ಗಟ್ಟಿಯಾಗಿ ಓದಿಹೇಳಿದ್ದ. ನಾಲ್ಕು ಕಟ್ಟುಗಳೂ ಬಿಚ್ಚಿಕೊಂಡವು. ಹಣ್ಣು ಕಂಡ ಕಾವಲುಗಾರ ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿದ.

“ಹಣ್ಣಾಗಿದೆ ಸ್ವಾಮಿ. ತಗೊಂಡು ಹೋಗಿ,” ಎಂದ.

ಬೆಣ್ಣೆಹಣ್ಣಿನಲ್ಲಿ ಏನೋ ಮಾಯೆ ಇದೆ. ಬಾಳೆಹಣ್ಣನ್ನು ಕಂಡರೆ ಯಾರೂ ಒತ್ತುವುದಿಲ್ಲ, ಸುಮ್ಮನೆ ತಿನ್ನುತ್ತಾರೆ. ಬೆಣ್ಣೆಹಣ್ಣನ್ನು ಕಂಡವರಿಗೆ ತಿನ್ನುವ ಆಸೆ ಇರಲಿ ಬಿಡಲಿ, ಹೆಬ್ಬೆರಳು ಮಾತ್ರ ತಡೆಯಲಾರದು. ದಾರಿಯಲ್ಲಿ ಕ್ಷೌರದ ಅಂಗಡಿಯವನು ಚೀಲದಲ್ಲೇನು ಎಂದು ಕೇಳಿದ. ಕೇಳಿ, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದು ನಾಲ್ಕನ್ನೂ ಒತ್ತಿದ. ತಲೆ ಒತ್ತಿ ಪಳಗಿದ ಬೆರಳು, ಒಂದು ಕಡೆ ಒತ್ತಿ ನಿಲ್ಲಲಿಲ್ಲ, ಸುತ್ತಲೂ ಒತ್ತಿತು. ಅರ್ಧ ಗಡ್ಡದ ಗಿರಾಕಿಯೂ ಎದ್ದು ಬಂದು ಒತ್ತಿದ.

ಕಡತಪ್ಪನ ಮನೆ ಎಂಟು ಮನೆಗಳ ವಠಾರದಲ್ಲಿ, ಎರಡನೆಯ ಮಹಡಿ. ಗೇಟಿನಲ್ಲಿ ನಿವೃತ್ತ ಕಾಂಪೌಂಡರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆಸ್ಪತ್ರೆ ಬಿಟ್ಟು ಹದಿನೈದು ವರ್ಷವಾದರೂ ಬಂದವರಿಗೆಲ್ಲ ನಾಲಿಗೆ ಚಾಚು ಎನ್ನುವ ಚಟ ಬಿಟ್ಟಿರಲಿಲ್ಲ. ಅವರು ಹಣ್ಣನ್ನು ಒತ್ತಲಿಲ್ಲ, ಮೂರು ಬೆರಳಿಟ್ಟು ನಾಡಿ ನೋಡಿದರು. ನಾಡಿ ಸಿಗದೆ ಇನ್ನೂ ಆಳಕ್ಕೆ ಬೆರಳಿಳಿಸಿದರು. ಅಷ್ಟರಲ್ಲಿ ಮೇಲಿನಿಂದ ರೇಡಿಯೋ ಅಕ್ಕ ಬಗ್ಗಿ ನೋಡಿದಳು. ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಡತಪ್ಪನ ಮನೆಗೆ ಸಾಹೇಬರು ಬರುತ್ತಾರೆ, ಬೆಣ್ಣೆಹಣ್ಣಿನದ್ದೇನೋ ಮಾಡುತ್ತಾರೆ ಎಂಬ ವಾರ್ತೆ ಅವನು ಮೆಟ್ಟಿಲು ಹತ್ತುವ ಮುಂಚೆಯೇ ಎಂಟೂ ಮನೆ ಸುತ್ತಿ ಬಂದಿತ್ತು. ಮೆಟ್ಟಿಲ ತಿರುವಿಗೊಂದು ಬಾಗಿಲು, ಬಾಗಿಲಿಗೊಂದು ಹೆಬ್ಬೆರಳು.

ಹೆಂಡತಿಯ ಕೈಗೆ ಬರುವಾಗ ಆ ಹಣ್ಣುಗಳ ಮೈಮೇಲೆ, ಹಳೆಯ ಟೈಪ್‌ರೈಟರಿಗೆ ಕೀಲಿಗಳಿರುವಷ್ಟು ಗುಳಿಗಳಿದ್ದವು. ಕೊಯ್ದು ನೋಡಿದರೆ ಒಳಗೆ ಹಸಿರಿಲ್ಲ. ಒತ್ತಿದ ಕಡೆಯಲ್ಲೆಲ್ಲ ಕಂದು. ಒತ್ತದ ಕಡೆಯೇ ಇರಲಿಲ್ಲ.

“ಹೇಗೂ ಅರೆಯೋದೇ ತಾನೆ,” ಎಂದ ಕಡತಪ್ಪ, ತನಗೇ ಸಮಾಧಾನ ಹೇಳಿಕೊಳ್ಳುವಂತೆ.

“ಅರೆಯೋಕೆ ಏನುಳಿದಿದೆ ನೋಡಿ. ಊರೇ ಅರೆದು ಕಳಿಸಿದೆ,” ಎಂದಳು ಹೆಂಡತಿ.

ಅಲ್ಲಿಂದ ಮುಂದೆ ಅಡುಗೆಮನೆ ಅವರ ಕೈಯಲ್ಲಿ ಉಳಿಯಲಿಲ್ಲ. ಬಣ್ಣ ಬರಬೇಕಾದರೆ ನಿಂಬೆರಸ ಹಿಂಡಬೇಕೆಂದು ರೇಡಿಯೋ ಅಕ್ಕ ಎರಡು ನಿಂಬೆಹಣ್ಣು ತಂದಳು. ಒಂದು ಸಾಲದೆಂದು ಎರಡೂ ಹಿಂಡಿದಳು. ಹುಳಿ ಹೆಚ್ಚಾಯಿತೆಂದು ಕಾಂಪೌಂಡರು ಮನೆಯಿಂದ ಔಷಧಿ ತೂಗುವ ತಕ್ಕಡಿ ತಂದು ಉಪ್ಪು ತೂಗಿದರು. ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡು ಹೊತ್ತಿನದನ್ನೂ ಒಟ್ಟಿಗೆ ಸುರಿದರು. ಇನ್ನು ಆ ಕರುಂ ಎನ್ನುವ ಗುಟ್ಟು ಏನಿರಬಹುದು ಎಂಬ ಚರ್ಚೆ ಎದ್ದಿತು. ಸೌತೆಕಾಯಿ ಎಂದರು ಒಬ್ಬರು. ಮೂಲಂಗಿಯಲ್ಲದೆ ಬೇರೇನೂ ಅಲ್ಲ ಎಂದರು ಇನ್ನೊಬ್ಬರು. ಎದುರು ಮನೆಯಾಕೆ ಹಸಿ ಸೀಬೆಕಾಯಿ ಹೆಚ್ಚಿಕೊಂಡೇ ಬಂದಿದ್ದಳು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಕಡತಪ್ಪ ಎಲ್ಲವನ್ನೂ ಹಾಕಿಸಿಕೊಂಡ.

ಮೂರೂವರೆಯ ಹೊತ್ತಿಗೆ ಬಟ್ಟಲಲ್ಲಿದ್ದದ್ದನ್ನು ಎಲ್ಲರೂ ಬಗ್ಗಿ ನೋಡಿದರು. ಮಳೆ ನಿಂತ ಮಾರನೆಯ ದಿನ ಹೆಂಗಸರು ಮಕ್ಕಳನ್ನು ಕೈಹಿಡಿದು ದಾಟಿಸುವ ರಸ್ತೆಗುಂಡಿ ಇರುತ್ತದಲ್ಲ, ಅದರ ಬಣ್ಣ. ರೇಡಿಯೋ ಅಕ್ಕ ಒಂದು ಚೂರು ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಐದು ನಿಮಿಷ ಅವಳಿಂದ ಯಾವ ವಾರ್ತೆಯೂ ಬರಲಿಲ್ಲ. ಆ ವಠಾರದಲ್ಲಿ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ.

ಕಡತಪ್ಪ ಲೆಕ್ಕ ಹಾಕಿದ. ಇದನ್ನು ಚೆಲ್ಲಿದರೆ ಹಣ್ಣಿಲ್ಲ. ಹಣ್ಣಿಲ್ಲದಿದ್ದರೆ ಸಾಹೇಬರ ಮುಂದೆ ಮಾಡಿ ತೋರಿಸುವುದೇನು? ನಾಳೆ ಬೆಳಿಗ್ಗೆ ಪಿನ್ನಣ್ಣ ಮರ ನೋಡುತ್ತ ಕೂರುತ್ತಾನೆ, ತಾನು ಏಳು ಸೀನು ಸೀನಿ ಅವನ ಗಡಿಯಾರ ಸರಿಮಾಡಬೇಕು. ಬೆವರು ಒರೆಸಲು ಕರವಸ್ತ್ರ ಬೇಕೆಂದು ಮೊಳೆಗೆ ತೂಗುಹಾಕಿದ್ದ ಕೋಟಿನೊಳಗೆ ಕೈಹಾಕಿದ. ಕೈಗೆ ಸಿಕ್ಕಿದ್ದು ಕೆಂಪು ದಾರ.

ಐದನೆಯ ಹಣ್ಣು. ಯಾರ ಬೆರಳೂ ತಾಕದ್ದು. ಚೀಟಿಯೂ ಹಾಗೇ ಇತ್ತು.

ಕಟ್ಟು ಬಿಚ್ಚಿದ್ದೇ ತಡ, ಅಡುಗೆಮನೆಯಲ್ಲಿದ್ದ ಹೆಬ್ಬೆರಳುಗಳೆಲ್ಲ ಒಟ್ಟಿಗೆ ಮೇಲೆದ್ದವು. ಕಡತಪ್ಪನ ಹೆಂಡತಿ ಅಂದು ಮಾಡಿದ ಕೆಲಸವನ್ನು ಅವನು ಸಾಯುವವರೆಗೂ ಮರೆಯಲಾರ. ಸೌಟು ಹಿಡಿದು ನಡುವೆ ನಿಂತು, ಮೆತ್ತಗೆ ಹೇಳಿದಳು:

“ಹೆಬ್ಬೆರಳು ಇರೋರೆಲ್ಲ ದಯವಿಟ್ಟು ಹೊರಗೆ ಹೋಗಿ.”

ಸರಿಯಾಗಿ ನಾಲ್ಕಕ್ಕೆ ಸಾಹೇಬರು ಬಂದರು. ಜೊತೆಗೆ ಅವರ ಮನೆಯಾಕೆ. ಸಣ್ಣ ಮೈಕಟ್ಟು, ಮೆಲ್ಲನೆಯ ಮಾತು, ಕೈಯಲ್ಲಿ ಮಾತ್ರ ಮೂರು ದಿನದ ಪ್ರಯಾಣಕ್ಕೆ ಹೊರಟವರ ಹಾಗೆ ದೊಡ್ಡ ಚೀಲ. ಕಡತಪ್ಪ ಮೇಜಿನ ಮೇಲೆ ಕೊತ್ತಂಬರಿ, ಟೊಮೆಟೊ, ನಿಂಬೆ, ಹಣ್ಣು, ಹಸಿಮೆಣಸಿನಕಾಯಿ ಎಲ್ಲ ಜೋಡಿಸಿ ಇಟ್ಟಿದ್ದ. ಜೋಡಿಸಿದ್ದೂ ಅಕಾರಾದಿಯಾಗಿ. ಆಕೆ ಹಣ್ಣನ್ನು ಕೈಗೆತ್ತಿಕೊಂಡರು. ಕಡತಪ್ಪನ ಹೆಂಡತಿ ಸೌಟು ಎಲ್ಲಿದೆಯೆಂದು ನೋಡಿದಳು. ಆದರೆ ಆಕೆ ಒತ್ತಲಿಲ್ಲ. ಉಗುರಿನಿಂದ ತೊಟ್ಟಿನ ಬುಡವನ್ನು ಚಿಟಿಕ್ಕನೆ ಎಬ್ಬಿಸಿ, ಕೆಳಗಿನ ಬಣ್ಣ ನೋಡಿ, ಹಣ್ಣನ್ನು ಇದ್ದಲ್ಲೇ ಇಟ್ಟರು. ಬೆಳಿಗ್ಗೆಯಿಂದ ಎಷ್ಟೋ ಜನ ಆ ಹಣ್ಣಿನ ಅಣ್ಣತಮ್ಮಂದಿರನ್ನು ನೋಡಿದ್ದರು, ಹೀಗೆ ನೋಡಿದವರು ಇವರೊಬ್ಬರೇ. ಕಡತಪ್ಪನಿಗೆ ಇದು ಕಂಡಿತು, ಅರ್ಥವಾಗಲಿಲ್ಲ.

ಅವನು ಹಣ್ಣು ಸೀಳಿದ. ಒಳಗೆ ಎಳೆ ಹಸಿರು, ಬೀಜದ ಸುತ್ತ ಬೆಣ್ಣೆಯ ಹಳದಿ, ಎಲ್ಲೂ ಒಂದು ಕಲೆಯಿಲ್ಲ. ಚಮಚದಿಂದ ತೆಗೆದು ಬಟ್ಟಲಿನಲ್ಲಿ ಅರೆದ. ಟೊಮೆಟೊ, ಮೆಣಸಿನಕಾಯಿ ಹೆಚ್ಚಿ ಹಾಕಿದ. ಈರುಳ್ಳಿ ಮಾತ್ರ ಒಳಗೇ ಉಳಿದಿತ್ತು. ಸಾಹೇಬರು ಒಂದು ತುಂಡು ಬ್ರೆಡ್ಡಿಗೆ ಹಚ್ಚಿ ತಿಂದು, ಚೆನ್ನಾಗಿದೆ ಎಂದರು. ಆಮೇಲೆ ದವಡೆಯನ್ನು ಅತ್ತಿತ್ತ ಆಡಿಸಿ ಹುಡುಕಿದರು.

“ಕರುಂ ಅನ್ನೋದು ಎಲ್ರೀ?”

“ಅದು... ಕೊನೇಲಿ ಹಾಕೋದು ಸಾರ್. ಈರುಳ್ಳಿ ಜೊತೆಗೆ.” ಕಡತಪ್ಪ ಬಟ್ಟಲು ಹಿಡಿದು ಅಡುಗೆಮನೆಗೆ ಓಡಿದ. ಗುಟ್ಟನ್ನು ತಾವೂ ನೋಡಬೇಕೆಂದು ಸಾಹೇಬರು ಏಳುವಷ್ಟರಲ್ಲಿ ಅವರ ಮನೆಯಾಕೆ, ಗುಟ್ಟು ಅಂದಮೇಲೆ ಇಬ್ಬರು ನೋಡಬಾರದು, ನಾನು ನೋಡಿಬರುತ್ತೇನೆಂದು ಎದ್ದರು. ಕಡತಪ್ಪನ ಹೆಂಡತಿ ಸಾಹೇಬರಿಗೆ ಚಹಾ ಕೊಡುತ್ತ ಹೊರಗೇ ಉಳಿದಳು.

ಒಳಗೆ ಕಡತಪ್ಪ ಸುಮ್ಮನೆ ಈರುಳ್ಳಿ ಹೆಚ್ಚುತ್ತ ನಿಂತಿದ್ದ. ಇನ್ನೇನು ಮಾಡುವುದು ಗೊತ್ತಿರಲಿಲ್ಲ. ಆಕೆ ಬಾಗಿಲನ್ನು ಮುಂದೆ ಮಾಡಿ, ದೊಡ್ಡ ಚೀಲದಿಂದ ಒಂದು ಹಸಿರು ಸೇಬು ತೆಗೆದು ಹಲಗೆಯ ಮೇಲಿಟ್ಟರು.

“ಇದನ್ನ ಸಣ್ಣಗೆ ಹೆಚ್ಚಿ. ಸಿಪ್ಪೆ ತೆಗೀಬೇಡಿ, ಕರುಂ ಅನ್ನೋದು ಅಲ್ಲೇ ಇರೋದು.”

“ಅಮ್ಮಾ, ನಿಮಗೆ ಹೇಗೆ...”

“ನಾನು ಪ್ರತಿ ಬಾಟ್ಲಿಗೂ ಒಂದು ಬೀಜ ಹಾಕ್ತೀನಿ, ಬೇಗ ಕಪ್ಪಾಗಬಾರದು ಅಂತ. ನಮ್ಮ ಯಜಮಾನರು ಮನೆಗೆ ಬಂದು ನಿಮ್ಮ ಡಬ್ಬೀನ ಬೀಜದ ಸಮೇತ ವರ್ಣನೆ ಮಾಡಿದ್ರು. ನನ್ನ ಕೈ ನನಗೆ ಗೊತ್ತಾಗಲ್ವಾ?”

ಕಡತಪ್ಪನ ಕೈಯಲ್ಲಿ ಚಾಕು ನಿಂತಿತು. ಆಕೆ ಅದನ್ನು ತೆಗೆದುಕೊಂಡು ತಾವೇ ಸೇಬು ಹೆಚ್ಚತೊಡಗಿದರು. ಗಡಿಯಾರದ ಮುಳ್ಳಿನ ಹಾಗೆ ಒಂದೇ ಸಮ ಟಿಕ್ ಟಿಕ್ ಎನ್ನುವ ಕೈ. ಹೆಚ್ಚುತ್ತಲೇ ಹೇಳಿದರು, ಹೊಲಿಗೆ ಕ್ಲಾಸಿನ ಟೀಚರಿಗೆ ದೊಡ್ಡ ಅಡುಗೆಮನೆ ಇದೆಯಂತೆ. ಎರಡು ವರ್ಷದಿಂದ ಅಲ್ಲೇ ಮಾಡಿ ಬೇಕರಿಗೆ ಕಳಿಸುವುದಂತೆ. ತನ್ನ ಮನೆಯವಳು ಅಂಗಡಿಗೆ ತಿಂಡಿ ಮಾಡಿಕೊಡುತ್ತಾಳೆಂದು ತಿಳಿದರೆ ಸಾಹೇಬರು ಕುರ್ಚಿಯಿಂದ ಕೆಳಗಿಳಿದು ನೆಲದ ಮೇಲೆ ಕೂರುತ್ತಾರಂತೆ.

“ಇದೇ ನಾನು ಮನೇಲಿ ಮಾಡಿ ಬಡಿಸಿದ್ದಿದ್ರೆ ಉಪ್ಪು ಕಮ್ಮಿ ಅಂತಿದ್ರು. ನಿಮ್ಮ ಡಬ್ಬಿಯಿಂದ ತಿಂದು ಎಂಟು ದಿನ ಹೊಗಳಿದಾರೆ. ಕೂತು ಕೇಳಿದೆ. ಹಿತವಾಗಿತ್ತು.” ಸೇಬನ್ನು ಬಟ್ಟಲಿಗೆ ಸುರಿದರು. “ನೀವೂ ಹೇಳಬೇಡಿ, ನಾನೂ ಹೇಳಲ್ಲ.”

ಕಡತಪ್ಪನ ಎದೆಯ ಮೇಲಿಂದ ಒಂದು ಕಪಾಟು ಇಳಿದಂತಾಯಿತು. ಕೈಮುಗಿಯೋಣವೆಂದರೆ ಕೈತುಂಬ ಈರುಳ್ಳಿ. ಇಲ್ಲಿಗೆ ನಿಂತಿದ್ದರೆ ಅವನು ಗೆದ್ದಿದ್ದ. ಆದರೆ ಆಕೆ ಹಣ್ಣಿನ ಸಿಪ್ಪೆಯನ್ನು ತಿರುಗಿಸಿ ನೋಡುತ್ತ, ಮೆಚ್ಚಿಕೊಂಡು ಒಂದು ಮಾತು ಆಡಿದರು.

“ಹಣ್ಣು ಮಾತ್ರ ಎಷ್ಟು ಚೆನ್ನಾಗಿ ಆಗಿದೆ ರೀ. ನನಗೆ ಹೀಗೆ ಆಗೋದೇ ಇಲ್ಲ. ಟೀಚರ ಬೀರುವಿನಲ್ಲಿ ಇಟ್ರೆ ಒಂದು ಕಲ್ಲು, ಒಂದು ಕೆಸರು. ಬಟ್ಟೆಗೆಲ್ಲ ಕಲೆ ಬೇರೆ. ಎಲ್ಲಿಟ್ಟಿದ್ರಿ?”

ಮಾರುಕಟ್ಟೆಯಿಂದ ಹಾಗೇ ತಂದೆ ಎಂದಿದ್ದರೆ ಸಾಕಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಯಾರೂ ಅವನ ಕೋಣೆಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಅವನ ನಾಲಿಗೆ ಎಂಟು ದಿನದ ಹಿಂದೆ ಹೊರಟ ಹಾಗೆಯೇ ಮತ್ತೆ ಹೊರಟಿತು. ಈರುಳ್ಳಿ ಹೆಚ್ಚುತ್ತ ಹೆಚ್ಚುತ್ತ ಎಲ್ಲ ಬಣ್ಣಿಸಿದ. ಎಂಥ ಕತ್ತಲು, ಎಂಥ ಒಣ ಹವೆ, ಎಷ್ಟು ಹಳೆಯ ಮೆತ್ತನೆಯ ಕಾಗದ. ಒಡೆದ ಪೈಪುಗಳ ಹಿಂದಿನ ಆ ಜಾಗದಲ್ಲಿ ನಾಲ್ಕೇ ದಿನದಲ್ಲಿ ಐದಕ್ಕೆ ಐದೂ ಒಂದೇ ಹದ. ಹೇಳುವಾಗ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಅಲ್ಲಿಗೆ ಬೇರೆ ಯಾರೂ ಬರಲ್ವಾ?” ಎಂದು ಆಕೆ ಕೇಳಿದರು.

“ಹನ್ನೊಂದು ವರ್ಷದಲ್ಲಿ ಒಂದು ನರಪಿಳ್ಳೆ ಬಂದಿಲ್ಲಮ್ಮ,” ಎಂದ ಹೆಮ್ಮೆಯಿಂದ.

“ಬೇಕರಿಗೂ ಎದುರೇ,” ಎಂದರು ಆಕೆ, ತಮಗೆ ತಾವೇ.

ಹೊರಗೆ ಸಾಹೇಬರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಕರುಂ ಎಂದಿತು. ಇದೇ, ಇದೇ ಎಂದರು. ಬಟ್ಟಲು ಬಳಿದು ಖಾಲಿ ಮಾಡಿದಮೇಲೆ ಕಡತಪ್ಪ ಧೈರ್ಯ ಮಾಡಿ, ಸಾರ್, ಆ ಕಿಟಕಿ ಮೇಜು ಎಂದು ಬಾಯಿ ತೆರೆದ. ಸಾಹೇಬರು ಅವನ ಬೆನ್ನು ತಟ್ಟಿದರು. ಇಂಥ ಕೈ ಇರುವವರನ್ನು ಕತ್ತಲಲ್ಲಿ ಇಡಬಾರದು, ನಾಳೆ ನೋಡೋಣ ಎಂದು ಮೆಟ್ಟಿಲಿಳಿದರು. ಅವರ ಮನೆಯಾಕೆ ನಗುತ್ತ ಚೀಲ ಮುಚ್ಚಿಕೊಂಡು ಹಿಂದೆಯೇ ಇಳಿದರು. ಮಹಡಿಯ ಮೇಲಿನಿಂದ ರೇಡಿಯೋ ಅಕ್ಕ ಬೆನ್ನು ತಟ್ಟಿದ ವಾರ್ತೆಯನ್ನು ಬಿತ್ತರಿಸಿದಳು. ಕಡತಪ್ಪನ ಹೆಂಡತಿ ಆ ಸಂಜೆಯೇ ಕುರ್ಚಿಗೊಂದು ದಿಂಬು ಹೊಲಿದಳು, ಹೂವಿನ ಬಟ್ಟೆಯದು.

ಸೋಮವಾರ ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಕಡತಪ್ಪ ನೇರ ಮೇಲಿನ ಮಹಡಿಗೆ ಹೋದ. ಕಿಟಕಿಯ ಪಕ್ಕ ಪಿನ್ನಣ್ಣ ಕೂತಿದ್ದ. ಮೇಜಿನ ಮೇಲೆ ಪಿನ್ನಿನ ಡಬ್ಬಿ, ಮುಖದ ಮೇಲೆ ಗಾಳಿ.

ಸಾಹೇಬರು ಕರೆಸಿದರು. ಅವರ ದನಿಯೇ ಬೇರೆಯಾಗಿತ್ತು.

“ನಾನು ನಿಮಗೇ ಬರೀಬೇಕು ಅಂತಿದ್ದೆ ಕಣ್ರೀ. ದಾರೀಲಿ ನಮ್ಮ ಮನೆಯವಳು ಹೇಳಿದಳು, ಆ ಕೋಣೆ ವಿಷಯ ಮಾತಾಡುವಾಗ ನಿಮಗೆ ಕಣ್ಣಲ್ಲಿ ನೀರು ಬಂತಂತೆ. ಬಿಟ್ಟು ಬರೋಕೆ ಮನಸ್ಸಿಲ್ಲ, ಬಾಯಿಬಿಟ್ಟು ಹೇಳೋಕೆ ಸಂಕೋಚ, ಪಾಪ, ಅಲ್ಲಿಂದ ಎಬ್ಬಿಸಬೇಡಿ ಅಂದಳು. ಇಷ್ಟು ನಿಷ್ಠೆ ಇರೋ ಮನುಷ್ಯನ್ನ ನಾನು ಎಲ್ಲೂ ನೋಡಿಲ್ಲ.”

ಅದು ಈರುಳ್ಳಿ ಸಾರ್ ಎನ್ನಲು ಕಡತಪ್ಪ ಬಾಯಿ ತೆರೆದ. ಈರುಳ್ಳಿ ಎಂದರೆ ಅಡುಗೆಮನೆಯ ಮಾತು ಬರುತ್ತದೆ, ಅಡುಗೆಮನೆ ಎಂದರೆ ಸೇಬು, ಸೇಬು ಎಂದರೆ ಬಾಟಲಿ. ಬಾಯಿ ಮುಚ್ಚಿದ.

“ಹೌದು ಸಾರ್,” ಎಂದ.

“ಶನಿವಾರ ಡಬ್ಬಿ ಮಾತ್ರ ಮರೀಬೇಡಿ,” ಎಂದರು ಸಾಹೇಬರು.

ಕೆಳಗೆ ಹೋದರೆ ಕಾವಲುಗಾರ ಕಾಯುತ್ತಿದ್ದ. ಯಾರೋ ಹೊಲಿಗೆ ಟೀಚರ ಮನೆಯಿಂದ ಹಳೆಯ ಕಡತಗಳೆಂದು ಆರು ಪೆಟ್ಟಿಗೆ ಇಳಿಸಿ ಹೋಗಿದ್ದಾರೆ, ಭಾರ ನೋಡಿದರೆ ಮಹತ್ವದ ಕಡತಗಳೇ ಇರಬೇಕು ಎಂದ. ಒಂದೊಂದು ಪೆಟ್ಟಿಗೆಗೂ ಕೆಂಪು ದಾರ, ದುಂಡು ಅಕ್ಷರದ ಚೀಟಿ: ‘ವಿಷಯ: ಒಡೆದ ಪೈಪುಗಳು. ಒಂದೊಂದನ್ನೂ ಬೇರೆ ಕಾಗದದಲ್ಲಿ ಸುತ್ತುವುದು. ಯಾರೂ ಒತ್ತಿ ನೋಡತಕ್ಕದ್ದಲ್ಲ.’

ಕಡತಪ್ಪ ಹೂವಿನ ದಿಂಬನ್ನು ತನ್ನ ಹಳೆಯ ಕುರ್ಚಿಯ ಮೇಲೆ ಹಾಕಿ, ಕೂತು, ಏಳು ಸಲ ಸೀನಿದ. ಮೇಲೆ ಪಿನ್ನಣ್ಣ ಗಡಿಯಾರ ಸರಿಮಾಡಿಕೊಂಡ.

ಅಂದಿನಿಂದ ಶನಿವಾರ ಬಂತೆಂದರೆ ಕಡತಪ್ಪ ರಸ್ತೆ ದಾಟಿ ಬೇಕರಿಗೆ ಹೋಗಿ, ಒಂದು ಬಾಟಲಿ ಕೊಂಡು, ಸ್ಟೀಲಿನ ಡಬ್ಬಿಗೆ ಬೀಜದ ಸಮೇತ ಸುರಿದುಕೊಂಡು ಬರುತ್ತಾನೆ. ಯಾರು ಮಾಡಿದ್ದು ಎಂದು ಯಾರಾದರೂ ಹೊಸಬರು ಕೇಳಿದರೆ, ನಾನೇ ಎನ್ನುತ್ತಾನೆ. ಮೊದಲಿನ ಹಾಗಲ್ಲ, ಈಗ ನಾಲಿಗೆ ಅವನನ್ನು ಕೇಳಿಯೇ ಹೊರಡುತ್ತದೆ. ಅರ್ಧ ನಿಜವೇ ತಾನೆ.